ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಕೋಡ್ ಈಗ ನಡೆಯುವುದೇ?

ಪ್ರಶ್ನೆ:
ಊರಿನಲ್ಲಿರುವ ತಾಯಿಯ ಖಾತೆಗೆ ನೆಫ್ಟ್ ಮೂಲಕ ಹಣ ಕಳುಹಿಸಲು ಹೊರಟರೆ, ಅವರ ಹಳೆಯ ಪಾಸ್‌ಬುಕ್ಕಿನಲ್ಲಿರುವ ಐಎಫ್‌ಎಸ್‌ಸಿ ಕೋಡ್ ಸರಿಯಿಲ್ಲವೆಂದು ಆ್ಯಪ್ ತೋರಿಸುತ್ತಿದೆ. ಅವರ ಸಿಂಡಿಕೇಟ್ ಬ್ಯಾಂಕು ಈಗ ಕೆನರಾ ಬ್ಯಾಂಕಿನಲ್ಲಿ ಸೇರಿಹೋಗಿದೆ. ಚೆಕ್ಕಿನ ಕೆಳಗಿರುವ ಒಂಬತ್ತು ಅಂಕಿಗಳನ್ನು ಅದರ ಬದಲಿಗೆ ಬಳಸಬಹುದೇ? ಕೋಡ್ ತಪ್ಪಿದರೆ ಹಣ ಬೇರೆಯವರ ಪಾಲಾಗುವುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಆ ಒಂಬತ್ತು ಅಂಕಿಗಳು ಎಂಐಸಿಆರ್ ಕೋಡ್. ಅದು ಚೆಕ್ ವಿಲೇವಾರಿಗಾಗಿ ಇರುವುದರಿಂದ ನೆಫ್ಟ್‌ಗೆ ಬಳಕೆಯಾಗದು. ಅದರ ಮೊದಲ ಮೂರು ಅಂಕಿಗಳು ಊರನ್ನು ಸೂಚಿಸುತ್ತವೆ. ಬೆಂಗಳೂರಿಗೆ 560, ಪಿನ್ ಕೋಡಿನಂತೆಯೇ.

ಐಎಫ್‌ಎಸ್‌ಸಿಯಲ್ಲಿ 11 ಸ್ಥಾನಗಳಿವೆ: ಮೊದಲ ನಾಲ್ಕು ಅಕ್ಷರಗಳು ಬ್ಯಾಂಕನ್ನೂ ಕೊನೆಯ ಆರು ಸ್ಥಾನಗಳು ಶಾಖೆಯನ್ನೂ ಸೂಚಿಸುತ್ತವೆ. ನಡುವಿನ ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ ಓ ಅಕ್ಷರವೆಂದು ಟೈಪ್ ಮಾಡಿ ಪರದಾಡುವವರನ್ನು ನಾನು ಬಹಳ ಕಂಡಿದ್ದೇನೆ. ನೀವೂ ಮೊದಲು ಅದನ್ನೇ ಪರಿಶೀಲಿಸಿ.

ಉತ್ತರ 2:
ಇಲ್ಲಿ ಸೊನ್ನೆಗಿಂತ ವಿಲೀನವೇ ಕಾರಣವೆಂದು ನನಗೆ ತೋರುತ್ತದೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 'ಎಸ್‌ವೈಎನ್‌ಬಿ' ಎಂದು ಆರಂಭವಾಗುತ್ತಿದ್ದ ಕೋಡುಗಳು 2021ರ ಜುಲೈ 1ರಿಂದ ನಿಂತವು. ಹೊಸ ಕೋಡು 'ಸಿಎನ್‌ಆರ್‌ಬಿ' ಎಂದು ಆರಂಭವಾಗುತ್ತದೆ; ಶಾಖೆಯ ಹಳೆಯ ಸಂಖ್ಯೆಗೆ ಹತ್ತು ಸಾವಿರ ಕೂಡಿಸಿ ಹೊಸ ಸಂಖ್ಯೆ ಕೊಟ್ಟರು. ಆದರೂ ನೀವೇ ಲೆಕ್ಕಹಾಕಿ ಕಳುಹಿಸಬೇಡಿ. ಶಾಖೆಯಲ್ಲಿ ಹೊಸ ಪಾಸ್‌ಬುಕ್ ಪಡೆಯಿರಿ. ವಿಜಯಾ ಬ್ಯಾಂಕಿನ ಹಳೆಯ ಖಾತೆದಾರರಿಗೂ ಇದೇ ಮಾತು ಅನ್ವಯಿಸುತ್ತದೆ, ಅವರದು ಬ್ಯಾಂಕ್ ಆಫ್ ಬರೋಡಾ ಕೋಡು.

ಉತ್ತರ 3:
ಹಣ ಬೇರೆಯವರ ಪಾಲಾಗುವ ಭಯ ಕೋಡಿಗಿಂತ ಖಾತೆ ಸಂಖ್ಯೆಯ ವಿಷಯದಲ್ಲಿರಬೇಕು, ಏಕೆಂದರೆ ನೆಫ್ಟ್‌ನಲ್ಲಿ ಬ್ಯಾಂಕು ಹೆಸರನ್ನು ತಾಳೆ ನೋಡದೆ ಸಂಖ್ಯೆಯನ್ನು ಆಧರಿಸಿಯೇ ಹಣ ಜಮಾ ಮಾಡಬಹುದು. ಹೀಗಾಗಿಯೇ ರಿಸರ್ವ್ ಬ್ಯಾಂಕು, ಹಣ ಕಳುಹಿಸುವ ಮುನ್ನ ಪಡೆಯುವವರ ಹೆಸರನ್ನು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ಬ್ಯಾಂಕುಗಳಿಗೆ ಸೂಚಿಸಿತ್ತು. ಅದನ್ನು ತಪ್ಪದೆ ಬಳಸಿ. ಮೊದಲ ಸಲ ಒಂದು ರೂಪಾಯಿ ಕಳುಹಿಸಿ, ತಾಯಿಯವರ ಫೋನಿಗೆ ಸಂದೇಶ ಬಂದ ಬಳಿಕ ಉಳಿದದ್ದನ್ನು ಹಾಕಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಸೋಮವಾರ ತಾಯಿಯನ್ನು ಶಾಖೆಗೆ ಕರೆದೊಯ್ಯುವಂತೆ ತಮ್ಮನಿಗೆ ತಿಳಿಸಿದ್ದೇನೆ.