ಫುಟ್ ಪಲ್ಸ್ ಶಿಬಿರದ ಯಂತ್ರ ತಗೊಳ್ಳೋದಾ, ಟೆನ್ಸ್ ಸಾಕಾ? (ಮಂಡಿ ನೋವು, ಜೊತೆಗೆ ಶುಗರ್)

ತುಂಗಾತೀರ:
ನಮ್ಮೂರಿನ ಕಲ್ಯಾಣ ಮಂಟಪದಲ್ಲಿ ಉಚಿತ ಫುಟ್ ಪಲ್ಸ್ ಥೆರಪಿ (ಯಂತ್ರದ ಮೇಲೆ ಪಾದವಿಟ್ಟು ಕರೆಂಟಿನ ಮಿಡಿತ ಕೊಡುವುದು) ಶಿಬಿರ ನಡೀತಿದೆ. ಅಮ್ಮನಿಗೆ 64 ವರ್ಷ, ಎರಡೂ ಮಂಡಿ ಸವೆದಿದೆ, ಶುಗರ್ ಇದೆ. ಅರ್ಧ ಗಂಟೆ ಕೂತು ಬಂದರೆ ಕಾಲು ಹಗುರ ಅನಿಸುತ್ತೆ ಅಂತಾರೆ. ಈಗ ಶಿಬಿರದವರು ಯಂತ್ರ ಕೊಳ್ಳಿ, ಶುಗರ್, ಥೈರಾಯ್ಡ್ ಎಲ್ಲ ವಾಸಿಯಾಗುತ್ತೆ ಅಂತ ಹಿಂದೆ ಬಿದ್ದಿದ್ದಾರೆ. ಕೈಗೆ ಲೋಹದ ಕಡ್ಡಿ ಕೊಟ್ಟು ಇಡೀ ದೇಹದ ರಿಪೋರ್ಟ್ ತೆಗೆಯುವ ‘ಕ್ವಾಂಟಮ್ ಅನಲೈಸರ್’, ರೋಗಾಣು ಕೊಲ್ಲುತ್ತೆ ಅನ್ನೋ ‘ಜಾಪರ್’ ಕೂಡ ಅಲ್ಲೇ ಇವೆ. ಇದರಲ್ಲಿ ಯಾವುದು ಕೆಲಸಕ್ಕೆ ಬರುತ್ತೆ? ಟೆನ್ಸ್ (ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಕೊಟ್ಟು ನೋವು ತಗ್ಗಿಸುವ ಯಂತ್ರ) ತಂದರೆ ಹೇಗೆ ಸೆಟ್ ಮಾಡಬೇಕು?

ಫಿಸಿಯೊ_ಧಾರವಾಡ:
ಯಂತ್ರದ ಮಾತು ಆಮೇಲೆ, ಮೊದಲು ಅಮ್ಮನ ಪಾದ ನೋಡಿ. ಕಣ್ಣು ಮುಚ್ಚಿಸಿ, ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒತ್ತಬೇಡಿ, ಸವರಬೇಡಿ. ಗೊತ್ತಾದಾಗಲೆಲ್ಲ ‘ಎಡ’, ‘ಬಲ’ ಅಂತ ಹೇಳಲಿ. ಆರರಲ್ಲಿ ಎರಡು ಕಡೆ ತಪ್ಪಿದರೂ ಪಾದದ ಸ್ಪರ್ಶ ಕುಗ್ಗಿದೆ ಅಂತ ತಿಳಿದು ಡಾಕ್ಟರಿಗೆ ತೋರಿಸಿ.

ಅಂಥ ಪಾದವನ್ನು ಆ ಯಂತ್ರದ ಮೇಲೆ ಇಡಲೇಬಾರದು. ಜುಮುಜುಮು ಗೊತ್ತಾಗಲ್ಲ ಅಂತ ಲೆವೆಲ್ ಏರಿಸುತ್ತಾ ಹೋಗುತ್ತಾರೆ. ಹಿಮ್ಮಡಿ ಒಡೆದಿದ್ದರೆ ಕರೆಂಟೆಲ್ಲ ಬಿರುಕಿನ ಹಸಿ ಚರ್ಮದಲ್ಲೇ ನುಗ್ಗುತ್ತದೆ. ಸುಟ್ಟದ್ದು ಗೊತ್ತಾಗುವಷ್ಟರಲ್ಲಿ ಗಾಯ ಆಗಿರುತ್ತೆ, ಶುಗರ್ ಇದ್ದವರ ಪಾದದ ಗಾಯ ಬೇಗ ಮಾಯುವುದಿಲ್ಲ.

ಕಾಲು ಹಗುರ ಅನಿಸುವುದು ಸುಳ್ಳಲ್ಲ. ಮಿಡಿತಕ್ಕೆ ಮೀನಖಂಡ ಬಿಗಿದು ಸಡಿಲಾಗುತ್ತೆ, ನಿಂತ ರಕ್ತ ಮೇಲಕ್ಕೆ ಸಾಗುತ್ತೆ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿದರೂ, ನಡೆದರೂ ಅದೇ ಸ್ನಾಯು ಅದೇ ಕೆಲಸ ಮಾಡುತ್ತೆ. ಇದರಿಂದ ಶುಗರ್ ವಾಸಿಯಾಗುವುದಿಲ್ಲ, ಮಾತ್ರೆ ನಿಲ್ಲಿಸುವ ಮಾತೇ ಬೇಡ. ಮಧುಮೇಹ ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವುದಕ್ಕೇ ನಮ್ಮ ದೇಶದ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತು ಕಾಯ್ದೆಯಲ್ಲಿ ನಿಷೇಧ ಇದೆ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಯಂತ್ರವೂ ಬೇಡ, ಮಾಲೀಶೂ ಬೇಡ, ಆಸ್ಪತ್ರೆಗೆ ಹೋಗಿ.

ಮಂಡಿಗೆ ಟೆನ್ಸ್ ಪ್ರಯತ್ನಿಸಬಹುದು. ಆದರೆ ಅದು ನೋವಿನ ಸಂದೇಶವನ್ನು ಮಂಕು ಮಾಡುತ್ತದೆ ಅಷ್ಟೇ, ಸವೆತ ಸರಿಹೋಗುವುದಿಲ್ಲ. ಎಲ್ಲರಿಗೂ ಒಗ್ಗುವುದೂ ಇಲ್ಲ. ಮಂಡಿ ಸವೆತಕ್ಕೆ ಟೆನ್ಸ್ ಕೊಡಬೇಡಿ, ಆಧಾರ ಸಾಲದು ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಾಗಾಗಿ ಇದನ್ನೇ ಚಿಕಿತ್ಸೆ ಅಂದುಕೊಳ್ಳದೆ, ನೋವು ತಗ್ಗಿದ ಹೊತ್ತಿನಲ್ಲಿ ತೊಡೆಯ ವ್ಯಾಯಾಮ ಮಾಡಿಸಲು ಬಳಸಿ. ಕಾಲು ಚಾಚಿ, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು 5 ಸೆಕೆಂಡ್ ಒತ್ತಿ ಹಿಡಿಯಲಿ. 10 ಸಲ, ದಿನಕ್ಕೆ ಎರಡು ಹೊತ್ತು.

ಸೆಟ್ಟಿಂಗ್: 80ರಿಂದ 100 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಮಿಡಿತ), ಪಲ್ಸ್ ಅಗಲ (ಒಂದೊಂದು ಮಿಡಿತದ ಅವಧಿ) 100ರಿಂದ 150 ಮೈಕ್ರೋಸೆಕೆಂಡ್, 30 ನಿಮಿಷ. 5 ಸೆಂ.ಮೀ. ಚೌಕದ ನಾಲ್ಕು ಪ್ಯಾಡ್, ಮಂಡಿಚಿಪ್ಪಿನ ಮೇಲೆ ಎರಡು, ಕೆಳಗೆ ಎರಡು. ಒಂದು ಚಾನೆಲ್ಲಿನ ಜೋಡಿ (ಒಂದೇ ವೈರಿನ ಎರಡು ಪ್ಯಾಡ್) ಓರೆಯಾಗಿ ಬರಲಿ, ಇನ್ನೊಂದು ಅದನ್ನು ದಾಟುವಂತೆ ಇರಲಿ. ಜುಮುಜುಮು ಜೋರಾಗಿರಬೇಕು, ಆದರೆ ನೋಯಬಾರದು. ಸ್ವಲ್ಪ ಹೊತ್ತಿಗೆ ಮಂದವಾದರೆ ಒಂದು ಹಂತ ಏರಿಸಿ. ಬರೀ ಲಘುವಾಗಿ ಇಟ್ಟುಕೊಂಡು ‘ಕೆಲಸ ಮಾಡಲಿಲ್ಲ’ ಅನ್ನುವವರೇ ಹೆಚ್ಚು. ಪೇಸ್‌ಮೇಕರ್ ಇದ್ದವರಿಗೆ, ಕತ್ತಿನ ಮುಂಭಾಗಕ್ಕೆ, ಗಾಯದ ಮೇಲೆ, ಗರ್ಭಿಣಿಯರ ಹೊಟ್ಟೆ ಸೊಂಟಕ್ಕೆ ಬೇಡ. ಮಂಡಿ ಸುತ್ತಲ ಚರ್ಮದಲ್ಲೂ ಹಲ್ಲುಕಡ್ಡಿಯ ಚೂಪು, ಮೊಂಡು ವ್ಯತ್ಯಾಸ ಗೊತ್ತಾಗುತ್ತದಾ ನೋಡಿಕೊಂಡೇ ಶುರು ಮಾಡಿ.

555_ಟೈಮರ್:
ಜಾಪರ್ ಬಗ್ಗೆ ನಾನು ಹೇಳ್ತೀನಿ. ಅಮೆರಿಕದ ಹುಲ್ಡಾ ಕ್ಲಾರ್ಕ್ ಪ್ರಚಾರ ಮಾಡಿದ ಸರ್ಕ್ಯೂಟ್ ಅದು. ಒಳಗಿರುವುದು 9 ವೋಲ್ಟ್ ಬ್ಯಾಟರಿ, ಮಿಡಿತ ಹುಟ್ಟಿಸುವ ಒಂದು 555 ಐಸಿ (ಚಿಪ್), ನಾಲ್ಕಾರು ರೆಸಿಸ್ಟರ್, ಕೆಪಾಸಿಟರ್, ಹಿಡಿಯಲು ಎರಡು ತಾಮ್ರದ ಕೊಳವೆ. ಹೊರಬರುವುದು ಸುಮಾರು 30 ಕಿಲೋಹರ್ಟ್ಸ್ ಚೌಕ ಅಲೆ.

ಲೆಕ್ಕ ಹಾಕಿ. ಕೈಯಿಂದ ಕೈಗೆ ಒಂದೂವರೆ ಮೀಟರ್, ಅಂದರೆ ಸೆಂ.ಮೀ.ಗೆ 0.06 ವೋಲ್ಟ್, ಅದೂ ಚರ್ಮದಲ್ಲಿ ನಷ್ಟವಾಗುವುದನ್ನು ಬಿಟ್ಟು. ಹಣ್ಣಿನ ರಸದಲ್ಲಿರುವ ಬ್ಯಾಕ್ಟೀರಿಯಾ ಕೊಲ್ಲಲು ಆಹಾರ ಕಾರ್ಖಾನೆಗಳು ಬಳಸುವ ವಿದ್ಯುತ್ ಮಿಡಿತ ಸೆಂ.ಮೀ.ಗೆ ಹತ್ತಾರು ಸಾವಿರ ವೋಲ್ಟ್. ಫ್ರೀಕ್ವೆನ್ಸಿ ಏನೇ ಇಟ್ಟರೂ ಈ ಅಂತರ ತುಂಬುವುದಿಲ್ಲ. ಅಲೆ ಸೊನ್ನೆಯಿಂದ ಮೇಲೆ ಮಾತ್ರ ಇರುವುದರಿಂದ ಕರೆಂಟ್ ಸರಾಸರಿ ಒಂದೇ ದಿಕ್ಕಿಗೆ ಹರಿಯುತ್ತದೆ. ಒಂದು ಕೊಳವೆಯ ಕೆಳಗೆ ಆಮ್ಲ, ಇನ್ನೊಂದರ ಕೆಳಗೆ ಕ್ಷಾರ ಹುಟ್ಟಿ ಚರ್ಮ ಉರಿಯಬಹುದು. ಸರಿಯಾದ ಟೆನ್ಸ್‌ನಲ್ಲಿ ಅಲೆ ಎರಡೂ ದಿಕ್ಕಿಗೆ ಸಮನಾಗಿರುತ್ತದೆ. ಕೊಳ್ಳುವಾಗ ಕೈಪಿಡಿಯಲ್ಲಿ ‘ಬೈಫೇಸಿಕ್’ ಅಂತ ಇದೆಯಾ, ಹರ್ಟ್ಸ್ ಮತ್ತು ಪಲ್ಸ್ ಅಗಲ ಬೇರೆ ಬೇರೆ ಬದಲಿಸಬಹುದಾ ನೋಡಿ. ಬರೀ ‘ಮೋಡ್ 1ರಿಂದ 25’ ಅಂತ ಇರುವ ಯಂತ್ರದಲ್ಲಿ ಏನು ಹರಿಯುತ್ತಿದೆ ಅಂತ ಗೊತ್ತೇ ಆಗುವುದಿಲ್ಲ.

ಅನಲೈಸರ್‌ಗೆ ಒಂದು ಪರೀಕ್ಷೆ. ಅಮ್ಮನನ್ನೇ ಎರಡು ಸಲ ಕೂರಿಸಿ, ಎರಡನೇ ಸಲ ವಯಸ್ಸು 25, ತೂಕ 45 ಅಂತ ಹಾಕಿಸಿ. ಆಮೇಲೆ ಯಾರೂ ಹಿಡಿಯದೆ, ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಮೂರನೇ ರಿಪೋರ್ಟ್ ಕೇಳಿ. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ವಯಸ್ಸು, ತೂಕ ಬದಲಿಸಿದ್ದಕ್ಕೇ ಅಮ್ಮನ ರಿಪೋರ್ಟ್ ಬದಲಾದರೆ, ಬಟ್ಟೆಗೂ ಲಿವರ್, ಕಿಡ್ನಿ ರಿಪೋರ್ಟ್ ಬಂದರೆ, ಅದು ದೇಹವನ್ನು ಅಳೆಯುತ್ತಿಲ್ಲ ಅಂತರ್ಥ. ಲಿವರ್, ಕಿಡ್ನಿ ಬಗ್ಗೆ ತಿಳಿಯಬೇಕಿದ್ದರೆ ಲ್ಯಾಬಿನಲ್ಲಿ ರಕ್ತ ಕೊಡಿ.

ತುಂಗಾತೀರ:
ಇಬ್ಬರಿಗೂ ಧನ್ಯವಾದ. ಬೆರಳು ಪರೀಕ್ಷೆಯಲ್ಲಿ ಆರೂ ಗೊತ್ತಾಯ್ತು. ಪಕ್ಕದ ಮನೆಯವರ ಟೆನ್ಸ್ ಹಾಕಿದರೆ ಒಂದು ಪ್ಯಾಡಿನ ಅಂಚಲ್ಲಿ ಸೂಜಿ ಚುಚ್ಚಿದ ಹಾಗಾಗುತ್ತೆ ಅಂತಾರೆ. ಯಂತ್ರ ಕೆಟ್ಟಿದೆಯಾ?

ಫಿಸಿಯೊ_ಧಾರವಾಡ:
ಯಂತ್ರಕ್ಕಿಂತ ಪ್ಯಾಡಿನ ಮೇಲೇ ಅನುಮಾನ. ಜೆಲ್ ಒಣಗಿ ಅಂಚು ಎದ್ದಿದ್ದರೆ ಅಂಟಿದ ಚೂರಿನಲ್ಲೇ ಅಷ್ಟೂ ಕರೆಂಟ್ ಹರಿಯುತ್ತೆ, ಅದೇ ಚುಚ್ಚುವುದು. ಇನ್ನೊಬ್ಬರ ಪ್ಯಾಡ್ ಬೇಡ, ಹೊಸ ಜೊತೆ ತನ್ನಿ. ಮಂಡಿಯನ್ನು ಸೋಪು ಹಾಕಿ ತೊಳೆದು ಪೂರ್ತಿ ಒರೆಸಿ. ಎಣ್ಣೆ, ನೋವಿನ ಮುಲಾಮು ಹಚ್ಚಿದ್ದರ ಮೇಲೆ ಹಾಕಲೇಬೇಡಿ, ಅಂಟುವುದೂ ಇಲ್ಲ, ಉರಿಯೂ ಜಾಸ್ತಿ. ಯಂತ್ರ ಆಫ್ ಇದ್ದಾಗಲೇ ಅಂಟಿಸಿ, ಆಫ್ ಮಾಡಿಯೇ ಕೀಳಿ, ವೈರ್ ಹಿಡಿದು ಎಳೆಯಬೇಡಿ. ತೆಗೆದ ಮೇಲೆ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ ಕವರಿನಲ್ಲಿಡಿ. ಅಂಟು ಕಮ್ಮಿಯಾದರೆ ಒಂದು ಹನಿ ನೀರು ಸವರಿದರೆ ಇನ್ನೊಂದಿಷ್ಟು ದಿನ ಬರುತ್ತೆ. ಹೊಸ ಪ್ಯಾಡಿನಲ್ಲೂ ಅದೇ ಜಾಗ ಚುಚ್ಚಿದರೆ ಆ ಚಾನೆಲ್ಲಿನ ವೈರನ್ನು ಇನ್ನೊಂದಕ್ಕೆ ಬದಲಿಸಿ ನೋಡಿ. ತೊಂದರೆ ವೈರಿನ ಜೊತೆ ಹೋದರೆ ವೈರ್ ಒಳಗೆ ಮುರಿದಿದೆ, ಚಾನೆಲ್ಲಿನಲ್ಲೇ ಉಳಿದರೆ ಯಂತ್ರ ವಾಪಸ್ ಕೊಡಿ.