ಅಮೆರಿಕದ ಕಮ್ಯುನಿಟಿ ಕಾಲೇಜಿಗೆ ಸರ್ಕಾರಿ ಸಾಲ: ಎಷ್ಟು ಸಿಗುತ್ತೆ, ಯಾರ ಹೆಸರಲ್ಲಿ?

ಪ್ರಶ್ನೆ (ಒಬ್ಬ ತಾಯಿ, ಸ್ಯಾನ್ ಹೋಸೆ): ಮೇಡಂ, ನೀವು ಕಮ್ಯುನಿಟಿ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿನಲ್ಲಿದ್ದೀರಿ ಅಂತ ಗೊತ್ತಾಯ್ತು, ಅದಕ್ಕೇ ಕೇಳ್ತಿದ್ದೀನಿ. ಮಗ ಇಲ್ಲೇ ಹುಟ್ಟಿದವನು, ಸಿಟಿಜನ್. ನಮ್ಮವರದು ಎಚ್-1ಬಿ ಕೆಲಸದ ವೀಸಾ, ನನ್ನದು ಅವರ ಹೆಂಡತಿಯಾಗಿ ಎಚ್-4. ಎರಡು ವರ್ಷ ಕಮ್ಯುನಿಟಿ ಕಾಲೇಜು ಮುಗಿಸಿ ಡಿಗ್ರಿಗೆ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ) ಹೋಗ್ತೀನಿ ಅಂತಾನೆ. ಅವನಿಗೆ ಫೆಡರಲ್ ಲೋನ್ ಸಿಗುತ್ತಾ? ನಮ್ಮ ವೀಸಾ ಅಡ್ಡ ಬರುತ್ತಾ?

ಉತ್ತರ: ಸಿಗುತ್ತದೆ. ವಿದ್ಯಾರ್ಥಿಯ ಸ್ಟೇಟಸ್ ಮಾತ್ರ ನೋಡುತ್ತಾರೆ, ನಿಮ್ಮದಲ್ಲ. ಅವನು ಫಾಫ್ಸಾ, ಅಂದರೆ ಫೆಡರಲ್ ಸರ್ಕಾರದ ಹಣಸಹಾಯದ ಅರ್ಜಿ ತುಂಬಬೇಕು, ನಿಮ್ಮ ಆದಾಯದ ವಿವರವೂ ಅದರಲ್ಲೇ ಬರುತ್ತದೆ. ನಿಮಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ ಸ್ಟೂಡೆಂಟ್ ಏಡ್ ವೆಬ್‌ಸೈಟಿನಲ್ಲಿ ಖಾತೆ ತೆರೆಯಬಹುದು. ಅರ್ಜಿಗೆ ದುಡ್ಡಿಲ್ಲ. ಯಾರಾದರೂ ಫೀಸು ಕೇಳಿದರೆ ಕೊಡಬೇಡಿ.

ಹಾಗಂತ ಅರ್ಜಿ ಹಾಕಿದ ಕೂಡಲೇ ಸಾಲ ತಗೋಬೇಕು ಅಂತೇನಿಲ್ಲ. ಕ್ಯಾಲಿಫೋರ್ನಿಯಾ ನಿವಾಸಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಯೂನಿಟ್ಟಿಗೆ (ಕ್ಲಾಸಿನ ಗಾತ್ರ ಅಳೆಯುವ ಲೆಕ್ಕ) 46 ಡಾಲರ್. ವರ್ಷಕ್ಕೆ 30 ಯೂನಿಟ್ ಅಂದರೂ 1,380 ಡಾಲರ್, ಜೊತೆಗೆ ಸಣ್ಣಪುಟ್ಟ ಫೀಸು. ಆದಾಯ ಕಡಿಮೆಯಿದ್ದರೆ ಪೆಲ್ ಗ್ರ್ಯಾಂಟ್ ಇದೆ, 2025–26ರಲ್ಲಿ ಹೆಚ್ಚೆಂದರೆ 7,395 ಡಾಲರ್. ಅದನ್ನು ವಾಪಸ್ ಕೊಡಬೇಕಾಗಿಲ್ಲ. ಮನೆಯಲ್ಲೇ ಊಟ ಮಾಡಿ, ಮನೆಯಿಂದಲೇ ಓಡಾಡುವ ಹುಡುಗನಿಗೆ ಮೊದಲ ವರ್ಷ ಸಾಲವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಫೆಡರಲ್ ಸಾಲಕ್ಕೆ ಒಂದು ಮಿತಿ ಇದೆ, ಅದು ಯುಸಿಗೆ ಹೋದಮೇಲೆ ಬೇಕಾಗುತ್ತದೆ.

ಅದೇ ತಾಯಿ: ಮಿತಿ ಅಂದ್ರೆ ಎಷ್ಟು ಮೇಡಂ? ಊರಲ್ಲಿ ನನ್ನ ತಮ್ಮ ಎಂಜಿನಿಯರಿಂಗ್ ಓದುವಾಗ ಬ್ಯಾಂಕಿನವರು ಅಪ್ಪನ ಸಹಿ ಹಾಕಿಸಿಕೊಂಡಿದ್ರು. ಇಲ್ಲೂ ನಾವು ಸಹಿ ಹಾಕಬೇಕಾ?

ಉತ್ತರ: ಮಗನ ಹೆಸರಿನ ಫೆಡರಲ್ ಸಾಲಕ್ಕೆ ನಿಮ್ಮ ಸಹಿ ಬೇಡ, ಜಾಮೀನೂ ಬೇಡ. ಅದು ಪೂರ್ತಿ ಅವನ ಸಾಲ.

ತಂದೆತಾಯಿಯ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಮೊದಲ ವರ್ಷ 5,500 ಡಾಲರ್, ಎರಡನೇ ವರ್ಷ 6,500. ಇದರಲ್ಲಿ ಸಬ್ಸಿಡೈಸ್ಡ್ ಭಾಗ ಕ್ರಮವಾಗಿ 3,500 ಮತ್ತು 4,500ರ ತನಕ, ಅದೂ ಕುಟುಂಬದ ಹಣಕಾಸಿನ ಅಗತ್ಯ ಕಂಡುಬಂದರೆ ಮಾತ್ರ. ಅವನು ಕನಿಷ್ಠ ಅರ್ಧ ಹೊರೆಯಲ್ಲಿ, ಅಂದರೆ ಸೆಮಿಸ್ಟರಿಗೆ 6 ಯೂನಿಟ್ ಓದುವ ತನಕ ಆ ಭಾಗಕ್ಕೆ ಬಡ್ಡಿ ಏರುವುದಿಲ್ಲ. ಉಳಿದದ್ದು ಅನ್‌ಸಬ್ಸಿಡೈಸ್ಡ್. ಅದಕ್ಕೆ ಹಣ ಬಂದ ದಿನದಿಂದಲೇ ಬಡ್ಡಿ. 2025–26ರಲ್ಲಿ ತೆಗೆದುಕೊಂಡ ಸಾಲಕ್ಕೆ ಎರಡರದ್ದೂ ಬಡ್ಡಿ 6.39%, ತೀರುವ ತನಕ ಅದೇ ದರ.

ಇನ್ನು ಯುಸಿ ವಿಷಯ. ಡಿಗ್ರಿ ಮುಗಿಯುವ ತನಕ ಅವನಿಗೆ ಸಿಗುವ ಒಟ್ಟು ಸಾಲ 31,000 ಡಾಲರ್. ಟ್ರಾನ್ಸ್‌ಫರ್‌ಗೆ ಬೇಕಾದ ಕ್ಲಾಸು ಸಿಗದೆ ಕಮ್ಯುನಿಟಿ ಕಾಲೇಜಿನಲ್ಲಿ ಮೂರು ವರ್ಷ ಆಗುವುದು ತುಂಬಾ ಸಾಮಾನ್ಯ. ಮೂರನೇ ವರ್ಷವೂ ಎರಡನೇ ವರ್ಷದ ಮಿತಿಯೇ. ಪ್ರತಿ ವರ್ಷ ಪೂರ್ತಿ ತೆಗೆದರೆ 5,500, 6,500, 6,500, ಒಟ್ಟು 18,500 ಖರ್ಚಾಯಿತು. ಯುಸಿಯ ಎರಡು ವರ್ಷಕ್ಕೆ, ಅಲ್ಲಿನ ವರ್ಷದ ಮಿತಿ 7,500ರಂತೆ, 15,000 ಬೇಕು, ಉಳಿದಿರುವುದು 12,500. ಕೊನೆಯ ವರ್ಷ, ಬಾಡಿಗೆ ಮತ್ತು ಫೀಸು ಎರಡೂ ಜಾಸ್ತಿ ಇರುವಾಗ, ಕೈ ಕಟ್ಟಿಹೋಗುತ್ತದೆ. ಆಫೀಸಿಗೆ ಬರುವ ಎಲ್ಲರಿಗೂ ನಾನು ಈ ಲೆಕ್ಕ ಬರೆದೇ ತೋರಿಸುತ್ತೇನೆ. ಕೊಡುತ್ತಾರೆ ಅಂತ ಪೂರ್ತಿ ತಗೋಬೇಡಿ. ಬೇಕಾದಷ್ಟೇ ಕೇಳಬಹುದು, ಸಬ್ಸಿಡೈಸ್ಡ್ ಮಾತ್ರ ಸಾಕು ಅಂತಲೂ ಹೇಳಬಹುದು.

ಪ್ರಶ್ನೆ (ಒಬ್ಬ ತಂದೆ, ಫ್ರೀಮಾಂಟ್): ನಾವು ಸಿಟಿಜನ್ಸ್. ಮಗಳಿಗೆ ಭಾರ ಬೇಡ ಅಂತ ಪೇರೆಂಟ್ ಪ್ಲಸ್ ಸಾಲ ನಾನೇ ತಗೊಳ್ಳೋಣ ಅಂತಿದ್ದೀನಿ. ಕೆಲಸ ಸಿಕ್ಕಮೇಲೆ ಅವಳ ಹೆಸರಿಗೆ ಬದಲಾಯಿಸಿದರಾಯ್ತು, ಅಲ್ವಾ?

ಉತ್ತರ: ಸರ್, ಅದು ಆಗುವುದಿಲ್ಲ. ಪೇರೆಂಟ್ ಪ್ಲಸ್ ಅಂದರೆ ತಂದೆ ಅಥವಾ ತಾಯಿಯ ಹೆಸರಲ್ಲಿ ಕೊಡುವ ಫೆಡರಲ್ ಸಾಲ. ಅದು ನಿಮ್ಮ ಸಾಲ, ತೀರುವ ತನಕ ನಿಮ್ಮದೇ. ಅವಳು ತಿಂಗಳು ತಿಂಗಳು ನಿಮಗೆ ದುಡ್ಡು ಕೊಡಬಹುದು, ಆದರೆ ಕಾಗದದಲ್ಲಿ ಹೆಸರು ಬದಲಾಗುವುದಿಲ್ಲ.

ಹತ್ತು ಸಾವಿರ ಡಾಲರ್ ಅಂತ ಇಟ್ಟುಕೊಳ್ಳಿ. 2025–26ರ ದರದಲ್ಲಿ ಶುರುವಿನಲ್ಲೇ 4.228% ಶುಲ್ಕ ಮುರಿದುಕೊಂಡು ಕಾಲೇಜಿಗೆ 9,577 ಕಳಿಸುತ್ತಾರೆ. ಬಡ್ಡಿ ಮಾತ್ರ ಪೂರ್ತಿ ಹತ್ತು ಸಾವಿರಕ್ಕೆ, 8.94%. ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 126 ಡಾಲರ್, ಒಟ್ಟು ಕಟ್ಟುವುದು 15,000 ದಾಟುತ್ತದೆ. ಮಗಳು ಓದುವಾಗ ಕಂತು ಮುಂದೂಡಬಹುದು, ಆಗಲೂ ಬಡ್ಡಿ ಓಡುತ್ತಲೇ ಇರುತ್ತದೆ. ಅವಳ ಹೆಸರಿನ ಸಾಲಕ್ಕಾದರೆ ಶುಲ್ಕ 1.057%, ಬಡ್ಡಿಯೂ ಕಡಿಮೆ. ಅವಳಿಗೆ ಭಾರ ಬೇಡ ಅನ್ನುವುದು ನಿಮ್ಮ ಮನಸ್ಸಿನಲ್ಲಿದ್ದರೆ ಸಾಲ ಅವಳ ಹೆಸರಲ್ಲೇ ಇರಲಿ, ಕಂತು ನೀವು ಕಟ್ಟಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಇನ್ನೊಂದು ಮಾತು. ಪ್ಲಸ್ ಸಾಲ ಕೊಡುವಾಗ ಹಳೆಯ ಬಾಕಿ, ದಿವಾಳಿ ಇದೆಯಾ ಅಂತ ಕ್ರೆಡಿಟ್ ನೋಡುತ್ತಾರೆ. ನಿಮ್ಮ ಸಂಬಳದಲ್ಲಿ ಕಟ್ಟಲು ಆಗುತ್ತಾ ಅಂತ ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ನೀವೇ ಕೇಳಿಕೊಳ್ಳಬೇಕು. ನಿವೃತ್ತಿಗೆ ಹತ್ತು ವರ್ಷವೂ ಉಳಿಯದವರು ಇದಕ್ಕೆ ಸಹಿ ಹಾಕುವುದನ್ನು ನೋಡಿದಾಗ ನನಗೆ ನಿಜವಾಗಲೂ ಸಂಕಟವಾಗುತ್ತದೆ. 2025ರ ಜುಲೈ 4ರಂದು ಸಹಿಯಾದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಪ್ಲಸ್ ಸಾಲ ತೆಗೆಯುವವರಿಗೆ ಒಬ್ಬ ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಿತಿ ಬಂದಿದೆ. ಆದಾಯಕ್ಕೆ ತಕ್ಕಂತೆ ಕಂತು ಕಟ್ಟುವ ಸೌಲಭ್ಯವೂ ಆ ಹೊಸ ಪ್ಲಸ್ ಸಾಲಗಳಿಗೆ ಇರುವುದಿಲ್ಲ.

(ಸ್ಯಾನ್ ಹೋಸೆಯ ತಾಯಿಗೆ: ಎಚ್-1ಬಿಯಲ್ಲಿರುವವರಿಗೆ ಪ್ಲಸ್ ಸಿಗುವುದಿಲ್ಲ. ಅದೇ ಕಾರಣ ತೋರಿಸಿ ಮಗನ ಹೆಸರಿನಲ್ಲಿ ಮೊದಲೆರಡು ವರ್ಷ 4,000ದ ತನಕ ಹೆಚ್ಚುವರಿ ಅನ್‌ಸಬ್ಸಿಡೈಸ್ಡ್ ಸಾಲ ಕೇಳಬಹುದು. ತೀರ್ಮಾನ ಕಾಲೇಜಿನ ಏಡ್ ಆಫೀಸಿನದು.)

ಪ್ರಶ್ನೆ (ಒಬ್ಬ ವಿದ್ಯಾರ್ಥಿನಿ): ಅಕ್ಕಾ, ನಂದು ಈ ಸೆಮಿಸ್ಟರ್ 6 ಯೂನಿಟ್. ಕೆಮಿಸ್ಟ್ರಿ ಆಗ್ತಿಲ್ಲ, ಡ್ರಾಪ್ ಮಾಡಿದ್ರೆ ಏನಾಗುತ್ತೆ?

ಉತ್ತರ: ಡ್ರಾಪ್ ಬಟನ್ ಒತ್ತುವ ಮೊದಲು ಏಡ್ ಆಫೀಸಿಗೆ ಹೋಗಿ ಮಾತಾಡಮ್ಮ. 6ಕ್ಕಿಂತ ಕೆಳಗಿಳಿದರೆ ಇನ್ನೂ ಬರಬೇಕಾದ ಸಾಲ ನಿಲ್ಲುತ್ತದೆ. ಹಿಂದೆ ತೆಗೆದುಕೊಂಡ ಸಾಲಕ್ಕೆ ಆರು ತಿಂಗಳ ಗ್ರೇಸ್ ಪೀರಿಯಡ್, ಅಂದರೆ ಕಂತು ಶುರುವಾಗುವ ಮುಂಚಿನ ಬಿಡುವು, ಆವತ್ತಿನಿಂದಲೇ ಶುರು. ಆರು ತಿಂಗಳೊಳಗೆ ಮತ್ತೆ ಅರ್ಧ ಹೊರೆಗೆ ಸೇರಿದರೆ ಗ್ರೇಸ್ ಉಳಿಯುತ್ತದೆ. ಇದನ್ನೂ ನೆನಪಿಟ್ಟುಕೋ: 2026ರ ಜುಲೈ 1ರಿಂದ ಫುಲ್ ಟೈಮಿಗಿಂತ ಕಡಿಮೆ ಓದಿದರೆ ವರ್ಷದ ಸಾಲದ ಮಿತಿಯೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ.

ಪ್ರಶ್ನೆ (ಫ್ರೀಮಾಂಟಿನ ತಂದೆ): ಸರಿ ಮೇಡಂ, ಅವಳ ಹೆಸರಲ್ಲೇ ತಗೋತೀವಿ. ಓದುವಾಗಲೇ ಬಡ್ಡಿ ಕಟ್ಟಬಹುದಾ?

ಉತ್ತರ: ಧಾರಾಳವಾಗಿ. 2,000 ಡಾಲರ್ ಅನ್‌ಸಬ್ಸಿಡೈಸ್ಡ್ ಸಾಲಕ್ಕೆ 6.39% ದರದಲ್ಲಿ ತಿಂಗಳ ಬಡ್ಡಿ 11 ಡಾಲರ್ ಒಳಗೇ ಬರುತ್ತದೆ. ಮುಂಚೆ ಕಟ್ಟಿದ್ದಕ್ಕೆ ದಂಡವೂ ಇಲ್ಲ. ಅನೇಕ ಕಮ್ಯುನಿಟಿ ಕಾಲೇಜುಗಳಲ್ಲಿ ಸಾಲಕ್ಕೆ ಬೇರೆ ಅರ್ಜಿ ಕೊಡಬೇಕು, ಕೆಲವು ಕಾಲೇಜು ಫೆಡರಲ್ ಸಾಲವನ್ನೇ ಕೊಡುವುದಿಲ್ಲ. ಮೊದಲು ಅದನ್ನು ವಿಚಾರಿಸಿ. ಖಾತೆ ತೆರೆಯುವಾಗ ಕಾಲೇಜಿನ ಇಮೇಲ್ ಬೇಡ, ಅವಳ ಸ್ವಂತ ಇಮೇಲ್ ಹಾಕಿಸಿ. ಟ್ರಾನ್ಸ್‌ಫರ್ ಆದಮೇಲೆ ಹಳೆ ಕಾಲೇಜಿನ ಇಮೇಲನ್ನು ಯಾರೂ ನೋಡುವುದಿಲ್ಲ, ಕಂತಿನ ನೋಟಿಸೆಲ್ಲ ಅಲ್ಲಿಗೇ ಹೋಗುತ್ತಿರುತ್ತದೆ.