ದೇವರಾಜ ಮಾರುಕಟ್ಟೆಯಂಥ ಹಳೇ ಪೇಟೆಯನ್ನು ಕೆಡವದೆ ಉಳಿಸಿದ ಊರು ಎಲ್ಲಾದರೂ ಇದೆಯಾ?

ಹೂವಿನಂಗಡಿ_ಮೈಸೂರು:

ದೇವರಾಜ ಮಾರುಕಟ್ಟೆಯಲ್ಲಿ ನಮ್ಮದು ಹೂವಿನ ಅಂಗಡಿ. ತಾತ ಶುರು ಮಾಡಿದ್ದು. ಈಗ ಅಪ್ಪ ನೋಡಿಕೊಳ್ಳುತ್ತಾರೆ, ಹಬ್ಬದ ದಿನ ನಾನೂ ಕೂರುತ್ತೇನೆ. 2012ರಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ಕು ಜನ ತೀರಿಕೊಂಡರು. 2016ರ ಆಗಸ್ಟ್‌ನಲ್ಲಿ ನಮ್ಮ ಮಾರುಕಟ್ಟೆಯ ಉತ್ತರ ಬಾಗಿಲೇ ಕುಸಿಯಿತು, ಅದೂ ದುರಸ್ತಿ ನಡೆಯುತ್ತಿದ್ದಾಗ. ಆವತ್ತಿನಿಂದ ಕೆಡವಿ ಹೊಸದು ಕಟ್ಟಿ ಅನ್ನೋರು ಒಂದು ಕಡೆ, ಉಳಿಸಿ ಅನ್ನೋರು ಇನ್ನೊಂದು ಕಡೆ. ತಜ್ಞರ ಸಮಿತಿಗಳೇ ಬೇರೆ ಬೇರೆ ಮಾತು ಹೇಳಿದವು. ವಿಷಯ ಹೈಕೋರ್ಟ್‌ವರೆಗೂ ಹೋಯಿತು.

ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಬಂದರೆ ಮಲ್ಲಿಗೆ, ವೀಳ್ಯದೆಲೆ, ಕುಂಕುಮದ ರಾಶಿ. ಇದು ಹೋಗಬಾರದು ಅಂತ ನನಗೆ ತುಂಬಾ ಇದೆ. ಆದರೆ ಅಪ್ಪನ ತಲೆ ಮೇಲೆ ಛಾವಣಿ ಬೀಳುವುದೂ ಬೇಡ. ದುಡ್ಡು ಯಾರು ಹಾಕುತ್ತಾರೆ? ಕೆಲಸ ಮುಗಿಯೋವರೆಗೆ ಅಂಗಡಿಯವರು ಎಲ್ಲಿಗೆ ಹೋಗಬೇಕು? ವಾಪಸ್ ಬರೋದಕ್ಕೆ ಬಿಡ್ತಾರಾ? ಬೇರೆ ಕಡೆ ಇದನ್ನೆಲ್ಲ ಹೇಗೆ ಮಾಡಿದ್ದಾರೆ ಅಂತ ಗೊತ್ತಿರೋರು ಹೇಳಿ.

ಟೈನ್_ದಂಡೆ:

ಇದೆ. ನಾನು ಇರುವ ಊರೇ, ಇಂಗ್ಲೆಂಡಿನ ನ್ಯೂಕ್ಯಾಸಲ್. ಇಲ್ಲಿ ಪೇಟೆಯ ನಡುಭಾಗಕ್ಕೆ ಗ್ರೈಂಜರ್ ಟೌನ್ ಅಂತ ಹೆಸರು. 1830ರ ದಶಕದಲ್ಲಿ ರಿಚರ್ಡ್ ಗ್ರೈಂಜರ್ ಅನ್ನೋ ಬಿಲ್ಡರ್ ಕಟ್ಟಿಸಿದ ಕಲ್ಲಿನ ಬೀದಿಗಳು. ಬೆಟ್ಟದ ಇಳಿಜಾರಿನಂತೆ ಬಾಗಿ ಇಳಿಯುವ ಗ್ರೇ ಸ್ಟ್ರೀಟ್ ನೋಡಿದರೆ ನಿಂತುಬಿಡುತ್ತೀರಿ.

ಇದೇ ಬೀದಿಗಳು 1990ರ ಹೊತ್ತಿಗೆ ಸೊರಗಿ ಹೋಗಿದ್ದವು. 1976ರಲ್ಲಿ ಎಲ್ಡನ್ ಸ್ಕ್ವೇರ್ ಅನ್ನೋ ದೊಡ್ಡ ಮಾಲ್ ಬಂತು. ಅದಕ್ಕೆ ಜಾಗ ಮಾಡಲು ಅದೇ ಗ್ರೈಂಜರ್ ಕಾಲದ ಸಾಲು ಮನೆಗಳನ್ನೂ ಕೆಡವಿದ್ದರು. ವ್ಯಾಪಾರ ಆ ಕಡೆ ಸರಿಯಿತು, ಆಫೀಸುಗಳು ನದಿ ದಂಡೆಗೆ ಹೋದವು. ಕೆಳಗೆ ಒಂದು ಅಂಗಡಿ ನಡೀತಿದ್ದರೆ ಮೇಲಿನ ಮಹಡಿಗಳೆಲ್ಲ ಖಾಲಿ, ಸೋರುವ ಛಾವಣಿ. ಸಂರಕ್ಷಿತ ಪಟ್ಟಿಯಲ್ಲಿದ್ದ ಕಟ್ಟಡಗಳಲ್ಲಿ ಹತ್ತಿರ ಹತ್ತಿರ ಅರ್ಧ ಅಪಾಯದಲ್ಲಿದ್ದವು.

1997ರಲ್ಲಿ ನಗರಸಭೆ, ಹಳೇ ಕಟ್ಟಡಗಳ ಸಂರಕ್ಷಣೆ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಹೆರಿಟೇಜ್, ಸೊರಗಿದ ಪ್ರದೇಶಗಳ ಪುನರುಜ್ಜೀವನಕ್ಕಿದ್ದ ಸರ್ಕಾರಿ ಸಂಸ್ಥೆ ಇಂಗ್ಲಿಷ್ ಪಾರ್ಟ್‌ನರ್‌ಶಿಪ್ಸ್ ಸೇರಿ ಒಂದು ಸಂಸ್ಥೆ ಕಟ್ಟಿದವು. ಈ ಒಂದೇ ಕೆಲಸಕ್ಕೆ ಅಂತಲೇ ಪ್ರತ್ಯೇಕ ಸಿಬ್ಬಂದಿ ಇಟ್ಟರು. ವ್ಯಾಪಾರಿಗಳಿಗೆ ಒಂದು ವೇದಿಕೆ, ಅಲ್ಲಿ ವಾಸ ಇರೋರಿಗೆ ಇನ್ನೊಂದು ವೇದಿಕೆ ಇತ್ತು.

ದುಡ್ಡಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಪ್ರಶ್ನೆಯ ಜೀವ ಅಲ್ಲೇ ಇದೆ. ಒಂದು ಹಳೇ ಕಟ್ಟಡದ ದುರಸ್ತಿಗೆ 10 ಲಕ್ಷ ಬೇಕು ಅಂತಿಟ್ಟುಕೊಳ್ಳಿ. ಅಷ್ಟು ಹಾಕಿದ ಮೇಲೂ ಅದರಿಂದ ಮಾಲೀಕನಿಗೆ ಹುಟ್ಟುವುದು 7 ಲಕ್ಷ. ಯಾವ ಮಾಲೀಕ ಕೈ ಹಾಕುತ್ತಾನೆ? ನಡುವಿನ 3 ಲಕ್ಷವನ್ನು ಮಾತ್ರ ಸರ್ಕಾರ ಕೊಡುತ್ತೆ, ಉಳಿದದ್ದು ಮಾಲೀಕನ ಜವಾಬ್ದಾರಿ. ಗ್ರೈಂಜರ್ ಟೌನ್‌ನಲ್ಲಿ ಹೀಗೆ ಸುಮಾರು 4 ಕೋಟಿ ಪೌಂಡ್ ಸಾರ್ವಜನಿಕ ಹಣ ಹೋಯಿತು. ಅದರ ಬೆನ್ನಿಗೆ ಹಲವು ಪಟ್ಟು ಖಾಸಗಿ ಹಣ ಬಂತು. ಖಾಲಿ ಬಿದ್ದಿದ್ದ ಮೇಲ್ಮಹಡಿಗಳು ಮನೆಗಳಾದವು. ರಾತ್ರಿ ಅಲ್ಲಿ ದೀಪ ಉರಿಯೋದಕ್ಕೆ ಶುರುವಾದ ಮೇಲೇ ಬೀದಿಗೆ ಜೀವ ಬಂದಿದ್ದು ಅಂತ ನನ್ನ ನಂಬಿಕೆ. ಬರೀ ಮುಂಭಾಗಕ್ಕೆ ಬಣ್ಣ ಹೊಡೆದರೆ ಇದು ಆಗಲ್ಲ.

ನೀವು ಬಂದರೆ ಗ್ರೈಂಜರ್ ಮಾರ್ಕೆಟ್‌ಗೆ ಕರೆದುಕೊಂಡು ಹೋಗುತ್ತೇನೆ. 1835ರದ್ದು, ಇವತ್ತೂ ಮಾಂಸ, ತರಕಾರಿ, ಹೂವು ಮಾರುತ್ತಾರೆ. ಒಳಗೆ ಒಂದು ತೂಕದ ಕೋಣೆ ಇದೆ. ಜನ ಚಿಲ್ಲರೆ ಕೊಟ್ಟು ದೊಡ್ಡ ತಕ್ಕಡಿ ಮೇಲೆ ನಿಂತು ತಮ್ಮ ತೂಕ ನೋಡಿಕೊಂಡು ಹೋಗುತ್ತಾರೆ. ನನಗೆ ಅಲ್ಲಿ ಹೋದಾಗೆಲ್ಲ ದೇವರಾಜ ಮಾರುಕಟ್ಟೆಯೇ ನೆನಪಾಗೋದು.

ಗಾರೆ_ಕೆಲಸ:

ಟೈನ್ ಅವರು ದುಡ್ಡಿನ ಬಗ್ಗೆ ಹೇಳಿದರು, ನಾನು ಗೋಡೆ ಬಗ್ಗೆ ಹೇಳುತ್ತೇನೆ. ಹಳೇ ಮನೆಗಳ ದುರಸ್ತಿಯೇ ನನ್ನ ಕಸುಬು.

ಮೈಸೂರಿನ ಹಳೇ ಕಟ್ಟಡಗಳಲ್ಲಿ ಮದ್ರಾಸ್ ತಾರಸಿ ಜಾಸ್ತಿ. ಮರದ ತೊಲೆ ಮೇಲೆ ತೆಳ್ಳನೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ದಮ್ಮಸು ಬಡಿಯುತ್ತಾರೆ. ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಸೇರಿಸೋದು ಹಳೇ ಪದ್ಧತಿ, ನಾವು ಈಗಲೂ ಮಾಡುತ್ತೇವೆ. ಸುಣ್ಣದ ಗೋಡೆ ತೇವ ಹೀರಿ ಹೊರಗೆ ಬಿಡುತ್ತೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತೆ. ಹೊರಗಿಂದ ಗೋಡೆ ಗಟ್ಟಿಯಾಗೇ ಕಾಣುತ್ತೆ. ಕೊಡಲಿಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಟೊಳ್ಳು ಸದ್ದು ಬಂದರೆ ಅಲ್ಲಿ ಸಿಮೆಂಟ್ ಬಿಟ್ಟುಕೊಂಡಿದೆ.

ತೊಲೆ ಮೊದಲು ಕೊಳೆಯೋದು ಗೋಡೆಯೊಳಗೆ ಹುದುಗಿರೋ ತುದಿಯಲ್ಲಿ. ಕಣ್ಣಿಗೆ ಬೀಳಲ್ಲ, ಹಾಗಾಗಿ ನಡು ತೊಲೆ ನೋಡಿ ಚೆನ್ನಾಗಿದೆ ಅಂತ ಬರೆದುಕೊಡೋ ಎಂಜಿನಿಯರ್ ಮಾತು ನಂಬಬೇಡಿ. ಪ್ರತಿ ತೊಲೆ ತುದಿಯನ್ನೂ ತೆರೆದು ನೋಡಬೇಕು. ಯಾವ ಭಾಗಕ್ಕೆ ಮೊದಲು ಆಸರೆ ಕೊಡಬೇಕು ಅಂತ ಆಮೇಲೇ ಗೊತ್ತಾಗೋದು. ಕೆಡವಬೇಕಾ ಬೇಡವಾ ಅನ್ನೋ ಪ್ರಶ್ನೆಗೂ ಆಗಲೇ ಉತ್ತರ.

ಅಹಮದಾಬಾದ್_ಕನ್ನಡಿಗ:

ಒಂದು ಮಾತು. ನ್ಯೂಕ್ಯಾಸಲ್‌ನ ಈ ಲೆಕ್ಕ ಖಾಸಗಿ ಮಾಲೀಕರ ಕಟ್ಟಡಕ್ಕೆ ಸರಿ. ದೇವರಾಜ ಮಾರುಕಟ್ಟೆಯ ಮಾಲೀಕರು ಪಾಲಿಕೆ, ಅಂಗಡಿಯವರು ಬಾಡಿಗೆದಾರರು. ಇಲ್ಲಿ ಅಹಮದಾಬಾದಿನಲ್ಲಿ ನಮ್ಮ ಹಳೇ ಊರಿನ ಪೋಳ್ (ಒತ್ತೊತ್ತಾಗಿ ಮನೆಗಳಿರೋ ಹಳೇ ಓಣಿ) ಮನೆಗಳಿಗೆ ಅಭಿವೃದ್ಧಿ ಹಕ್ಕು ವರ್ಗಾವಣೆ ಅಂತ ಒಂದು ದಾರಿ ಮಾಡಿದ್ದಾರೆ. ಮೇಲೆ ಮಹಡಿ ಕಟ್ಟೋ ಹಕ್ಕನ್ನು ಬೇರೆ ಕಡೆ ಕಟ್ಟೋರಿಗೆ ಮಾರಿ, ಆ ದುಡ್ಡಲ್ಲಿ ಮನೆ ದುರಸ್ತಿ. 2017ರಲ್ಲಿ ವಿಶ್ವ ಪರಂಪರೆ ನಗರ ಆದದ್ದೂ ಇದೇ ಹಳೇ ಊರು. ಆದರೆ ಬಾಡಿಗೆದಾರನಿಗೆ ಇದರಿಂದ ನೇರವಾಗಿ ಏನೂ ಸಿಗಲ್ಲ. ನಿಮ್ಮ ಅಪ್ಪ ಮೊದಲು ಕೇಳಬೇಕಾದದ್ದು ಲಿಖಿತ ಭರವಸೆ: ಅದೇ ಜಾಗ, ಅಷ್ಟೇ ಅಳತೆ, ಬಾಡಿಗೆ ಎಷ್ಟು ಏರಬಹುದು ಅನ್ನೋದಕ್ಕೆ ಮಿತಿ.

ಹೂವಿನಂಗಡಿ_ಮೈಸೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲಿಖಿತ ಭರವಸೆಯ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ನಮ್ಮ ಸಂಘದಲ್ಲಿ ಇದನ್ನೇ ಮುಂದಿಡೋಣ ಅಂದರು. ವ್ಯಾಪಾರಿಗಳ ವೇದಿಕೆಗೆ ಮತ ಹಾಕೋ ಹಕ್ಕು ಇತ್ತಾ ಟೈನ್ ಅವರೇ? ಬರೀ ಮಾತು ಕೇಳಿಸಿಕೊಂಡು ಕಳಿಸೋದು ಆದರೆ ನಮಗೆ ಅದು ಈಗಲೂ ಇದೆ. ಗಾರೆ ಅವರೇ, ನಮ್ಮ ಸಾಲಿನ ಗೋಡೆ ಸಂದಿಯಲ್ಲಿ ಅರಳಿ ಗಿಡ ಎದ್ದಿದೆ, ಕೀಳಬಹುದಾ?

ಗಾರೆ_ಕೆಲಸ:

ಎಳೆದು ಕೀಳಬೇಡಿ, ಬೇರಿನ ಜೊತೆ ಗಾರೆಯೂ ಕಿತ್ತು ಬರುತ್ತೆ. ಬುಡಕ್ಕೆ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ತಕ್ಷಣ ಕಳೆನಾಶಕ ಹಚ್ಚಿ. ಬೇರು ಪೂರ್ತಿ ಒಣಗಿದ ಮೇಲೆ ಸಂದಿಗೆ ಸುಣ್ಣದ ಗಾರೆ ತುಂಬಿ, ಸಿಮೆಂಟ್ ಬೇಡ. ಮಳೆಗಾಲ ಶುರುವಾಗೋ ಮೊದಲೇ ಛಾವಣಿಯ ನೀರು ಹೋಗೋ ಕೊಳವೆಗಳಲ್ಲಿ ಹೂವಿನ ಕಸ ಕಟ್ಟಿಕೊಂಡಿದೆಯಾ ನೋಡಿಸಿ.